ಮನೆಯಂಥ ಡಂಜನ್, ದಾರಿಯಂಥ ಡಂಜನ್

ಮೊದಲೇ ಹೇಳಿಬಿಡುತ್ತೇನೆ, ಇದು ವಿಡಿಯೋ ಗೇಮಿನ ಬಗ್ಗೆ. "ಇಪ್ಪತ್ತೆಂಟು ತುಂಬಿತು, ಇನ್ನೂ ಆಟನಾ?" ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ, ನೀವೂ ಅಂದುಕೊಂಡರೆ ಬೇಜಾರಿಲ್ಲ :-) ಕಥೆ ಕವನ ಓದಲು ಬಂದವರು ಸ್ವಲ್ಪ ತಾಳ್ಮೆಯಿಂದ ಕೂತರೆ ಮಧ್ಯದಲ್ಲಿ ಒಂದು ಹಂಚಿನ ಮನೆಯೂ ಬರುತ್ತೆ.

ಆಟದ ಹೆಸರು 'ದಿ ಲೆಜೆಂಡ್ ಆಫ್ ಜೆಲ್ಡಾ: ಆಕರಿನಾ ಆಫ್ ಟೈಮ್'. ನಿಂಟೆಂಡೊ ಕಂಪನಿ 1998ರ ನವೆಂಬರಿನಲ್ಲಿ ನಿಂಟೆಂಡೊ 64 ಅನ್ನುವ ಪೆಟ್ಟಿಗೆಗಾಗಿ ಹೊರತಂದದ್ದು. ಲಿಂಕ್ ಅನ್ನುವ ಹುಡುಗ, ಅವನ ಕೈಯಲ್ಲಿ ಒಂದು ಕತ್ತಿ, ಒಂದು ಗುರಾಣಿ, ಮತ್ತೆ ಆಕರಿನಾ ಅನ್ನುವ ಮಣ್ಣಿನ ಪೀಪಿಯಂಥ ವಾದ್ಯ. ಕಥೆಯ ಅರ್ಧದಲ್ಲಿ ಅವನು ಏಳು ವರ್ಷ ನಿದ್ದೆ ಮಾಡಿ ಎದ್ದು ದೊಡ್ಡವನಾಗುತ್ತಾನೆ. ಆಮೇಲೆ ಬೇಕೆಂದಾಗ ಮತ್ತೆ ಹುಡುಗನಾಗಿ ಹಿಂದಕ್ಕೆ ಹೋಗಬಹುದು, ಮತ್ತೆ ಮುಂದಕ್ಕೆ ಬರಬಹುದು. ಬಯಲು, ಊರು, ಕೆರೆ, ಮರಳುಗಾಡು ಎಲ್ಲ ಇದೆ. ಆದರೆ ಆಟದ ಜೀವ ಇರುವುದು ಡಂಜನ್‌ಗಳಲ್ಲಿ.

ಡಂಜನ್ ಅಂದರೆ ಇಂಗ್ಲಿಷಿನಲ್ಲಿ ನೆಲಮಾಳಿಗೆಯ ಸೆರೆಮನೆ. ಆಟದಲ್ಲಿ ಮಾತ್ರ ಅದು ಹತ್ತಾರು ಕೋಣೆಗಳಿರುವ ಒಂದು ದೊಡ್ಡ ಒಗಟು. ಒಳಗೆ ಹೋಗಬೇಕು, ಬೀಗ ಹಾಕಿದ ಬಾಗಿಲಿಗೆ ಕೀಲಿ ಹುಡುಕಬೇಕು, ನಕ್ಷೆ ಹುಡುಕಬೇಕು, ಒಂದು ಹೊಸ ಸಲಕರಣೆ ಸಿಗುತ್ತೆ, ಕೊನೆಗೆ ಒಬ್ಬ ದೊಡ್ಡ ರಾಕ್ಷಸ. ಹುಡುಗನಾಗಿದ್ದಾಗ ಮೂರು, ದೊಡ್ಡವನಾದ ಮೇಲೆ ಐದು, ಕೊನೆಗೆ ಖಳನಾಯಕನ ಕೋಟೆ. ಜೊತೆಗೆ ಚಿಕ್ಕಪುಟ್ಟವು ಮೂರು.

ಈ ಡಂಜನ್‌ಗಳಿಗೆ ರ್‍ಯಾಂಕ್ ಕೊಡುವುದು ಜೆಲ್ಡಾ ಆಡುವವರ ಹಳೇ ಚಟ. ಹೆಚ್ಚಿನವರು ಕಷ್ಟ ಎಷ್ಟು, ಸಂಗೀತ ಹೇಗಿದೆ, ಕೊನೆಯ ರಾಕ್ಷಸ ಹೇಗಿದ್ದಾನೆ ಅಂತ ನೋಡುತ್ತಾರೆ. ನನ್ನ ಅಳತೆಗೋಲು ಬೇರೆ. ಇದು ಮನೆಯೋ, ದಾರಿಯೋ? ಒಂದು ವಾರ ಬಿಟ್ಟು ಬಂದರೂ "ಈ ಬಾಗಿಲು ತೆಗೆದರೆ ಆ ಕೋಣೆ, ಅದರ ಮೇಲೆ ಅಟ್ಟ, ಅಟ್ಟದ ಕಿಟಕಿಯಿಂದ ಕೆಳಗಿನ ಅಂಗಳ ಕಾಣುತ್ತೆ" ಅಂತ ಕಣ್ಣು ಮುಚ್ಚಿ ಹೇಳಲು ಬಂದರೆ ಅದು ಮನೆ. ಒಂದರ ಹಿಂದೆ ಒಂದು ಕೋಣೆ ಬರುತ್ತಾ ಹೋಗಿ, ಕೊನೆ ಮುಟ್ಟಿದ ಮೇಲೆ ಶುರುವಾದದ್ದು ಎಲ್ಲಿ ಅಂತ ನೆನಪಿಲ್ಲದಿದ್ದರೆ ಅದು ದಾರಿ, ಎಷ್ಟೇ ಚೆಂದವಿದ್ದರೂ.

ಈ ಅಳತೆಯಲ್ಲಿ ಶ್ಯಾಡೋ ಟೆಂಪಲ್ ಕೆಳಗೆ ಬೀಳುತ್ತೆ. ಕೆಲವರಿಗೆ ಸಿಟ್ಟು ಬರಬಹುದು. ಸ್ಮಶಾನದ ಕೆಳಗಿನ ಜಾಗ, ಕಾಣದ ನೆಲ, ಗೋಡೆಯಂತೆ ಕಂಡರೂ ಗೋಡೆಯಲ್ಲದ ಗೋಡೆ, ಮೇಲಿಂದ ಬೀಳುವ ಕತ್ತಿಗಳು, ಕತ್ತಲಲ್ಲಿ ತೇಲುವ ದೋಣಿ, ಕೊನೆಗೆ ದೊಡ್ಡ ಡೋಲಿನ ಮೇಲೆ ಕುಣಿಸಿ ಹೊಡೆಯುವ ಬೊಂಗೊ ಬೊಂಗೊ. ಹೆದರಿಕೆಯಲ್ಲಿ ಇದಕ್ಕೆ ಸಾಟಿಯಿಲ್ಲ, ಒಪ್ಪಿದೆ. ಆದರೆ ದೋಣಿ ಇಳಿದ ಮೇಲೆ ಹಿಂದಿನ ಕೋಣೆಗಳ ನೆನಪೇ ಬೇಡ. ಘಾಟಿಯಲ್ಲಿ ರಾತ್ರಿ ಬಸ್ಸಿನಲ್ಲಿ ಹೋದಂತೆ. ಭಯವಾಯ್ತು, ಇಳಿದೆವು, ಮುಗಿಯಿತು. ಫೈರ್ ಟೆಂಪಲ್ ಕೂಡ ನನಗೆ ಅಷ್ಟಕ್ಕಷ್ಟೆ. ಸೆರೆಯಲ್ಲಿರುವ ಗೊರಾನ್‌ಗಳನ್ನು ಒಬ್ಬೊಬ್ಬರಾಗಿ ಬಿಡಿಸಬೇಕು, ಬಿಡಿಸಿದಾಗಲೆಲ್ಲ ಒಂದು ಕೀಲಿ ಸಿಗುತ್ತೆ. ಒಳ್ಳೆಯ ಕೆಲಸವೇ, ಆದರೆ ಆಫೀಸಿನಲ್ಲಿ ಟಿಕೆಟ್ ಕ್ಲೋಸ್ ಮಾಡಿದ ಹಾಗೆ. ಜಬು-ಜಬು ಅನ್ನುವ ಮೀನಿನ ಹೊಟ್ಟೆಯೊಳಗೆ ರಾಜಕುಮಾರಿಯೊಬ್ಬಳನ್ನು ತಲೆ ಮೇಲೆ ಹೊತ್ತುಕೊಂಡು ತಿರುಗಬೇಕು, ಬೈಸಿಕೊಳ್ಳುತ್ತಾ. ಅದರ ಬಗ್ಗೆ ಇಷ್ಟು ಸಾಕು.

ಮೊದಲನೆಯ ಡಂಜನ್, ಡೆಕು ಮರದ ಹೊಟ್ಟೆ, ಚಿಕ್ಕದಾದರೂ ಮನೆಯೇ. ಒಳಗೆ ಕಾಲಿಟ್ಟ ಕೂಡಲೇ ನೆಲದ ನಡುವೆ ಒಂದು ಜೇಡರ ಬಲೆ ಕಾಣುತ್ತೆ, ಕೆಳಗೆ ಬೇರೊಂದು ಲೋಕ ಇದೆ ಅಂತ ಗೊತ್ತಾಗುತ್ತೆ. ಮೇಲೆ ನಿಂತು ಕುಣಿದರೂ ಹರಿಯುವುದಿಲ್ಲ. ಮೂರು ಅಂತಸ್ತು ಹತ್ತಿ, ಮೇಲಿಂದ ನೇರ ಅದರ ಮೇಲೆ ಧುಮುಕಿದರೆ ಹರಿಯುತ್ತೆ. ಯಾರೂ ಹೇಳಿಕೊಡದೆ ಎತ್ತರ ಅನ್ನುವುದನ್ನು ಕಲಿಸುವ ಪಾಠ ಅದು. 1998ರಲ್ಲಿ ಮೂರು ಆಯಾಮದ ಆಟಗಳೇ ಹೊಸತು, ಮೇಲೆ ಕೆಳಗೆ ನೋಡುವ ಅಭ್ಯಾಸ ಆಡುವವರಿಗೆ ಇರಲಿಲ್ಲ. ಈ ಸರಣಿಯ ಮೂಲಪುರುಷ ಶಿಗೆರು ಮಿಯಾಮೊಟೊ ಚಿಕ್ಕವರಿದ್ದಾಗ ಕ್ಯೋಟೋ ಹತ್ತಿರದ ಸೊನೊಬೆ ಅನ್ನುವ ಊರಲ್ಲಿ ಲಾಟೀನು ಹಿಡಿದು ಗುಹೆಗಳಿಗೆ ನುಗ್ಗುತ್ತಿದ್ದರಂತೆ, 1986ರ ಮೊದಲ ಜೆಲ್ಡಾ ಹುಟ್ಟಿದ್ದರಲ್ಲಿ ಆ ನೆನಪೂ ಇದೆ. ಆಕರಿನಾದ ಡಂಜನ್‌ಗಳನ್ನು ರೂಪಿಸಿದವರು ಐಜಿ ಆನುಮಾ. ಅವರು ಓದಿದ್ದು ಕಲಾಶಾಲೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ ಮಾಡುತ್ತಿದ್ದದ್ದು ತಾವಾಗಿ ಚಲಿಸುವ ಮರದ ಗೊಂಬೆಗಳು. ಇದು ಗೊತ್ತಾದ ಮೇಲೆ ವಾಟರ್ ಟೆಂಪಲ್ ನನಗೆ ಬೇರೆಯೇ ಆಗಿ ಕಂಡಿತು. ಅದಕ್ಕೆ ಆಮೇಲೆ ಬರುತ್ತೇನೆ.

ಈ ಆಟ ನಮ್ಮ ಮನೆಗೆ ಬಂದ ಬಗೆ ಹೇಳಬೇಕು. ತೀರ್ಥಹಳ್ಳಿ ಕಡೆಯ ಹಳ್ಳಿ ನಮ್ಮದು. 2009ರಲ್ಲಿ ನ್ಯೂಜೆರ್ಸಿಯ ದೊಡ್ಡಪ್ಪ ಊರಿಗೆ ಬರುವಾಗ, ತಮ್ಮ ಮಗ ಆಡಿ ಬಿಟ್ಟ ನಿಂಟೆಂಡೊ 64 ತಂದರು. ಅಮೆರಿಕದ ಕರೆಂಟು ನೂರಿಪ್ಪತ್ತು ವೋಲ್ಟು, ನಮ್ಮದು ಇನ್ನೂರ ಮೂವತ್ತು, ಅದಕ್ಕೆಂದು ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರನ್ನೂ ಅವರೇ ಹೊತ್ತು ತಂದಿದ್ದರು. ಜೊತೆಗಿದ್ದದ್ದು ಎರಡೇ ಕಾರ್ಟ್ರಿಜ್, ಅದರಲ್ಲಿ ಒಂದು ಇದು. ನಾನಾಗ ಏಳನೇ ಕ್ಲಾಸು ಮುಟ್ಟುವವನು, ತಂಗಿ ನನಗಿಂತ ಮೂರು ವರ್ಷ ಚಿಕ್ಕವಳು. ಇಂಟರ್ನೆಟ್ ಇರಲಿಲ್ಲ, ಹಾಗಾಗಿ "ಇಲ್ಲಿಂದ ಮುಂದೆ ಹೇಗೆ" ಅಂತ ಕೇಳಲು ಯಾರೂ ಇರಲಿಲ್ಲ. ಲೋಡ್ ಶೆಡ್ಡಿಂಗ್ ಬೇರೆ. ಡಂಜನ್ ಒಳಗೆ ಸೇವ್ ಮಾಡಿ ಆರಿಸಿದರೂ ಮತ್ತೆ ಹಚ್ಚಿದಾಗ ಆಟ ನಿಮ್ಮನ್ನು ಹೆಬ್ಬಾಗಿಲಿನಲ್ಲೇ ನಿಲ್ಲಿಸುತ್ತೆ. ಹೀಗಾಗಿ ಪ್ರತಿ ಸಂಜೆ ಅದೇ ಬಾಗಿಲು, ಅದೇ ನಡೆ, ಅದೇ ಮೆಟ್ಟಿಲು. ನಮಗೆ ಡಂಜನ್‌ಗಳು ಮನೆಯಾದದ್ದಕ್ಕೆ ಅರ್ಧ ಪುಣ್ಯ ವಿದ್ಯುತ್ ಇಲಾಖೆಗೆ ಸೇರಬೇಕು :-)

ಫಾರೆಸ್ಟ್ ಟೆಂಪಲ್ ನನ್ನ ಮಟ್ಟಿಗೆ ಮೊದಲನೆಯದು. ಲಿಂಕ್ ದೊಡ್ಡವನಾದ ಮೇಲೆ ಹೋಗುವ ಮೊದಲ ಗುಡಿ ಅದು. ಅದಕ್ಕಿಂತ ಮುಂಚೆ ಅವನು ತಾನು ಬೆಳೆದ ಕಾಡಿನ ಹಳ್ಳಿಯನ್ನು ದಾಟಬೇಕು. ಅಲ್ಲಿನ ಮಕ್ಕಳು ಎಂದಿಗೂ ದೊಡ್ಡವರಾಗುವುದಿಲ್ಲ, ಬಂದವನು ಯಾರು ಅಂತ ಅವರಿಗೆ ಗುರುತೇ ಸಿಗುವುದಿಲ್ಲ. ಬೆಂಗಳೂರಿಗೆ ಬಂದು ನಾಲ್ಕು ವರ್ಷವಾದ ಮೇಲೆ ಒಮ್ಮೆ ಊರಿನ ಬಸ್ ಸ್ಟ್ಯಾಂಡಿನಲ್ಲಿ "ಯಾರ ಮನೆ ಹುಡುಗ ನೀನು?" ಅಂತ ಒಬ್ಬರು ಕೇಳಿದಾಗ ನನಗೆ ನೆನಪಾದದ್ದು ಇದೇ. ಆ ಗುಡಿಯ ನಟ್ಟನಡುವೆ ಒಂದು ಎತ್ತರದ ಹಜಾರ. ನಾಲ್ಕು ದೀಪಗಳು ನಾಲ್ಕು ಬಣ್ಣದಲ್ಲಿ ಉರಿಯುತ್ತಿರುತ್ತವೆ, ನಾವು ಬಂದ ಕೂಡಲೇ ನಾಲ್ವರು ದೆವ್ವದ ಅಕ್ಕತಂಗಿಯರು ಒಂದೊಂದು ಜ್ಯೋತಿ ಕದ್ದು ಓಡುತ್ತಾರೆ, ನಡುವಿನ ಲಿಫ್ಟ್ ನೆಲದೊಳಗೆ ಇಳಿದುಹೋಗುತ್ತೆ. ಒಂದೊಂದು ಜ್ಯೋತಿ ಗೆದ್ದಾಗಲೂ ಮತ್ತೆ ಈ ಹಜಾರಕ್ಕೇ ಬರುತ್ತೀರಿ. ಅತ್ತ ಒಂದು ಅಂಗಳ, ಇತ್ತ ಒಂದು ಅಂಗಳ, ಎರಡಕ್ಕೂ ನಡುವೆ ಬಾವಿ. ನೀರು ಖಾಲಿ ಮಾಡಿದರೆ ಬಾವಿಯೊಳಗಿಂದ ಈಚಿನಿಂದ ಆಚೆಗೆ ನಡೆದು ಹೋಗಬಹುದು. ಇನ್ನೊಂದು ಓಣಿ ಇದೆ, ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡದ್ದು. ಗೋಡೆಯ ಕಣ್ಣಿಗೆ ಬಾಣ ಬಿಟ್ಟರೆ ನೆಟ್ಟಗಾಗುತ್ತೆ, ಆಗ ಹಳೇ ಬಾಗಿಲೇ ಹೊಸ ಜಾಗಕ್ಕೆ ತೆರೆದುಕೊಳ್ಳುತ್ತೆ.

ಆ ಹಜಾರವನ್ನು ನೋಡಿದ ಮೊದಲ ದಿನವೇ ತಂಗಿ ಹೇಳಿದ್ದು, "ಅಣ್ಣಾ, ಇದು ನಮ್ಮನೆ ತೊಟ್ಟಿ." ನಮ್ಮದು ಹಳೆಯ ತೊಟ್ಟಿ ಮನೆ. ಜಗಲಿ ದಾಟಿದರೆ ನಡುವೆ ತೆರೆದ ತೊಟ್ಟಿ, ಸುತ್ತ ನಡುಮನೆ, ದೇವರ ಕೋಣೆ, ಉಗ್ರಾಣ, ಅಡುಗೆಮನೆ, ಹಿಂದೆ ಬಚ್ಚಲು, ಮೇಲೆ ಅಟ್ಟ. ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ತೊಟ್ಟಿಯ ಅಂಚಿಗೆ ಬರಲೇಬೇಕು. ಮಳೆಗಾಲದಲ್ಲಿ ನಾಲ್ಕೂ ಕಡೆಯ ಸೂರಿನಿಂದ ನೀರು ಒಳಗೇ ಬೀಳುತ್ತಿತ್ತು, ಕರೆಂಟು ಹೋದಾಗ ಆ ಸದ್ದಿನ ದೂರದಿಂದಲೇ ನಾವು ಯಾವ ಕೋಣೆಯ ಬಾಗಿಲಲ್ಲಿದ್ದೇವೆ ಅಂತ ಹೇಳಬಹುದಿತ್ತು. ಟಾರ್ಚ್ ಬೇಕಾಗಿರಲಿಲ್ಲ.

ಈಗ ವಾಟರ್ ಟೆಂಪಲ್. ಜೆಲ್ಡಾ ಆಡಿದ ಹತ್ತು ಜನರನ್ನು ಕೇಳಿ, ಹೆಚ್ಚಿನವರು ಇದನ್ನು ಬೈಯುತ್ತಾರೆ. ಕೆರೆಯ ತಳದಲ್ಲಿರುವ ಗುಡಿ, ನಡುವೆ ಒಂದು ಗೋಪುರ, ಸುತ್ತ ಕೋಣೆಗಳು. ಇಡೀ ಗುಡಿಯಲ್ಲಿ ನೀರು ಮೂರು ಮಟ್ಟದಲ್ಲಿ ನಿಲ್ಲಬಹುದು. ಮಟ್ಟ ಬದಲಿಸಲು ಮೂರು ಬೇರೆ ಬೇರೆ ಜಾಗಕ್ಕೆ ಹೋಗಿ ಅಲ್ಲಿ ಆಕರಿನಾ ನುಡಿಸಬೇಕು. ನೀರು ಮೇಲಿದ್ದರೆ ಮೇಲಿನ ಬಾಗಿಲಿಗೆ ಈಜಬಹುದು, ಆದರೆ ಕೆಳಗಿನ ಪೆಟ್ಟಿಗೆ ಮುಳುಗಿರುತ್ತೆ. ನೀರು ಇಳಿಸಿದರೆ ಪೆಟ್ಟಿಗೆ ಸಿಗುತ್ತೆ, ಬಾಗಿಲು ಆಕಾಶದಲ್ಲಿರುತ್ತೆ.

ಕೋಡ್ ಬರೆಯುವವರಿಗೆ ಇದು ಕೂಡಲೇ ಅರ್ಥವಾಗುತ್ತೆ: ಒಂದೇ ಒಂದು ಗ್ಲೋಬಲ್ ವೇರಿಯಬಲ್, ಅದಕ್ಕೆ ಮೂರು ಬೆಲೆ, ಪ್ರತಿ ಕೋಣೆಯ ವರ್ತನೆಯೂ ಅದರ ಮೇಲೆ ನಿಂತಿದೆ. ಕೋಣೆಯೊಳಗೆ ನಿಂತು ಎಷ್ಟು ತಲೆ ಕೆರೆದುಕೊಂಡರೂ ಉತ್ತರ ಅಲ್ಲಿರುವುದಿಲ್ಲ. ಉತ್ತರ ಇರುವುದು ಎರಡು ಅಂತಸ್ತು ಆಚೆ, ಯಾರೋ ನೀರು ತಿರುಗಿಸಿದ ಜಾಗದಲ್ಲಿ. ಇಂಥ ಕೋಡನ್ನು ಆಫೀಸಿನಲ್ಲಿ ಕಂಡರೆ ನಾನೂ ಬೈಯುತ್ತೇನೆ. ಆದರೆ ಇಲ್ಲಿ ಅದೇ ಸೊಗಸು. ಉಳಿದ ಡಂಜನ್‌ಗಳು ಕೋಣೆ ಕೋಣೆಯಾಗಿ ಬಿಡಿಸಿಕೊಳ್ಳುತ್ತವೆ, ಇದೊಂದು ಮಾತ್ರ "ಇಡೀ ಮನೆಯನ್ನು ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ಬಾ" ಅನ್ನುತ್ತೆ. ಆನುಮಾ ಅವರ ಮರದ ಗೊಂಬೆ ಅಂದೆನಲ್ಲ, ಇದು ಅದೇ. ಒಳಗಿನ ಒಂದು ಚಕ್ರ ತಿರುಗಿದರೆ ಕೈ, ಕಾಲು, ತಲೆ ಎಲ್ಲವೂ ಆಡುತ್ತವೆ.

ಹಾಗಾದರೆ ಬೈಗುಳ ಯಾಕೆ? ಕಾರಣ ಕಬ್ಬಿಣದ ಬೂಟು. ನೀರಿನ ತಳಕ್ಕೆ ಇಳಿಯಲು ಬೂಟು ಹಾಕಬೇಕು, ತೇಲಲು ತೆಗೆಯಬೇಕು. ಹಳೆಯ ಆಟದಲ್ಲಿ ಪ್ರತಿ ಸಲವೂ ಆಟ ನಿಲ್ಲಿಸಿ, ಮೆನು ತೆರೆದು, ಪುಟ ತಿರುಗಿಸಿ, ಬೂಟು ಆರಿಸಿ, ಮೆನು ಮುಚ್ಚಬೇಕು. ಅದನ್ನು ನೂರು ಸಲ ಮಾಡಿದರೆ ಯಾರಿಗಾದರೂ ರೇಗುತ್ತೆ. ಕಟ್ಟಡ ಚೆನ್ನಾಗಿದೆ, ಚಿಲಕ ಕೆಟ್ಟಿದೆ ಅಷ್ಟೆ. ಆನುಮಾ ಅವರೇ ಈ ತೊಡಕನ್ನು ಒಪ್ಪಿಕೊಂಡಿದ್ದಾರೆ. 2011ರಲ್ಲಿ 3ಡಿಎಸ್‌ಗೆ ಆಟವನ್ನು ಮತ್ತೆ ಮಾಡಿದಾಗ ಬೂಟನ್ನು ಒಂದೇ ಗುಂಡಿಗೆ ತಂದರು, ನೀರಿನ ಮೂರು ಜಾಗಗಳಿಗೆ ದಾರಿ ತೋರಿಸಲು ಗೋಡೆಗಳ ಮೇಲೆ ಬಣ್ಣದ ಪಟ್ಟಿ ಎಳೆದರು. ಬೂಟಿನ ಬದಲಾವಣೆಗೆ ನನ್ನ ನಮಸ್ಕಾರ. ಬಣ್ಣದ ಪಟ್ಟಿಗೆ ಮಾತ್ರ ಅಷ್ಟು ಒಪ್ಪಿಗೆ ಇಲ್ಲ. ಮನೆಯೊಳಗೆ ಯಾರಾದರೂ ಬಾಣದ ಗುರುತು ಹಾಕುತ್ತಾರಾ? ಅದು ಆಸ್ಪತ್ರೆಯಾಗುತ್ತೆ!

ಅಂದ ಹಾಗೆ, ಬಣ್ಣದ ಉಪಾಯ ನಮ್ಮ ಮನೆಯಲ್ಲಿ 2010ರ ಬೇಸಿಗೆಯಲ್ಲೇ ಬಂದಿತ್ತು. ಆಟದ ನಕ್ಷೆ ಕೋಣೆಗಳನ್ನು ತೋರಿಸುತ್ತೆ, ಆದರೆ ಯಾವ ನೀರಿಗೆ ಯಾವ ಬಾಗಿಲು ಅಂತ ಹೇಳುವುದಿಲ್ಲ. ತಂಗಿ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಡಿಯ ಚಿತ್ರ ಬರೆದು, ಕೆಳ ನೀರಿಗೆ ನೀಲಿ, ನಡು ನೀರಿಗೆ ಹಸಿರು, ಮೇಲಿನ ನೀರಿಗೆ ಕೆಂಪು ಪೆನ್ಸಿಲಿನಲ್ಲಿ ಬಾಗಿಲುಗಳನ್ನು ಗುರುತು ಮಾಡಿದಳು. ಆ ಬೇಸಿಗೆ ರಜೆಯ ಮೂರು ವಾರ ನಾವು ಒಂದು ಕೀಲಿಗಾಗಿ ಅಲೆದಿದ್ದೇವೆ. ಆಡಿದವರಿಗೆ ಯಾವ ಕೀಲಿ ಅಂತ ಈಗಾಗಲೇ ಗೊತ್ತಾಗಿರಬೇಕು. ಗೋಪುರದ ಒಳಗೆ ನೀರನ್ನು ನಡುಮಟ್ಟಕ್ಕೆ ಏರಿಸಿದಾಗ ಕೆಳಗಿದ್ದ ಒಂದು ಕಟ್ಟೆ ತೇಲಿ ಮೇಲೆ ಬರುತ್ತೆ. ಎಲ್ಲರೂ ಅದರ ಜೊತೆ ಮೇಲಕ್ಕೆ ಹೋಗುತ್ತಾರೆ. ಅದು ಇದ್ದ ಜಾಗದಲ್ಲಿ ಒಂದು ಬಾಯಿ ತೆರೆದುಕೊಂಡಿರುತ್ತೆ, ಕೀಲಿ ಅದರೊಳಗೆ. ಒಂದು ಮಧ್ಯಾಹ್ನ ಅವಳು ಹಲಸಿನ ತೊಳೆ ತಿನ್ನುತ್ತಾ, ಪರದೆ ಕಡೆ ನೋಡದೆ, ತನ್ನ ಕ್ಯಾಲೆಂಡರನ್ನೇ ನೋಡುತ್ತಾ ಅಂದಳು, "ಅಣ್ಣಾ, ಆ ಕಟ್ಟೆ ಮೇಲೆ ಬಂದ್ಮೇಲೆ ಕೆಳಗೆ ಏನಿತ್ತು ನೋಡಿದ್ಯಾ?" ನಾನು ಬೂಟು ಹಾಕಿ ಇಳಿದೆ. ಆ ದಿನದ ಕೂಗಾಟಕ್ಕೆ ಚಿಕ್ಕಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಿದ್ದರು.

ಈ ಗುಡಿಯಲ್ಲೇ ಡಾರ್ಕ್ ಲಿಂಕ್ ಸಿಗುವುದು. ಬಾಗಿಲು ತೆಗೆದರೆ ಗೋಡೆಯೇ ಕಾಣದ ಮಬ್ಬು ಬಯಲು, ಪಾದ ಮುಳುಗುವಷ್ಟು ನೀರು, ಒಂದು ಬೋಳು ಮರ. ಅದರ ಕೆಳಗೆ ನಿಮ್ಮದೇ ನೆರಳು ನಿಂತಿರುತ್ತೆ. ನೀವು ಮುಂದಕ್ಕೆ ಇರಿದರೆ ಜಿಗಿದು ನಿಮ್ಮ ಕತ್ತಿಯ ಮೇಲೇ ನಿಲ್ಲುತ್ತಾನೆ. ಬರೀ ಕೋಣೆಗಳ ನಡುವೆ ಇದ್ದಕ್ಕಿದ್ದಂತೆ ಕೋಣೆಯೇ ಅಲ್ಲದ ಕೋಣೆ. ಇದರ ಬಗ್ಗೆ ಬೇರೆಯೇ ಬರೆಯಬೇಕು.

ಹೊಸ ಜೆಲ್ಡಾಗಳ ಬಗ್ಗೆ ಒಂದು ಮಾತು. 2017ರ 'ಬ್ರೆತ್ ಆಫ್ ದಿ ವೈಲ್ಡ್' ಅದ್ಭುತ ಆಟ, ಅದರ ಬೆಟ್ಟಗಳಲ್ಲಿ ಸುಮ್ಮನೆ ಅಲೆಯುತ್ತಾ ನಾನು ಎಷ್ಟೋ ಭಾನುವಾರ ಕಳೆದಿದ್ದೇನೆ. ಆದರೆ ಅದರಲ್ಲಿ ದೊಡ್ಡ ಡಂಜನ್‌ಗಳ ಬದಲು 120 ಪುಟ್ಟ ಶ್ರೈನ್‌ಗಳು. ಒಂದೇ ತರಹದ ಗೋಡೆ, ಒಂದೇ ತರಹದ ಬೆಳಕು, ಒಂದು ಒಗಟು, ಹತ್ತು ನಿಮಿಷ, ಹೊರಗೆ. ನನಗೆ ಬೆಂಗಳೂರಿನ ಪಿಜಿ ರೂಮುಗಳೇ ನೆನಪಾಗುತ್ತವೆ. ಸ್ವಚ್ಛವಾಗಿರುತ್ತವೆ, ಅನುಕೂಲವಾಗಿರುತ್ತವೆ, ಬಿಟ್ಟ ಮೇಲೆ ಕಿಟಕಿ ಯಾವ ಕಡೆ ಇತ್ತು ಅಂತ ನೆನಪಿರುವುದಿಲ್ಲ. 2023ರ 'ಟಿಯರ್ಸ್ ಆಫ್ ದಿ ಕಿಂಗ್‌ಡಮ್'ನಲ್ಲಿ ಟೆಂಪಲ್‌ಗಳು ಹೆಸರಿಗೆ ವಾಪಸ್ ಬಂದವು, ಶ್ರೈನ್‌ಗಳು 152 ಆದವು. ನಾನು ನಾಲ್ಕು ಪಿಜಿ ಬದಲಿಸಿದವನು, ಸಾಕಾಗಿದೆ.

ಸ್ಪಿರಿಟ್ ಟೆಂಪಲ್ ಬಿಟ್ಟರೆ ಈ ಬರಹ ಪೂರ್ತಿಯಾಗುವುದಿಲ್ಲ. ಮರಳುಗಾಡಿನ ನಡುವೆ ಬಂಡೆಯಲ್ಲಿ ಕೆತ್ತಿದ ದೊಡ್ಡ ದೇವತೆಯ ವಿಗ್ರಹ, ಅದರೊಳಗೆ ಗುಡಿ. ದೊಡ್ಡವನಾಗಿ ಒಳಗೆ ಹೋದರೆ ಒಂದು ಕಡೆ ಸರಿಸಲಾಗದ ಕಲ್ಲು, ಇನ್ನೊಂದು ಕಡೆ ಮಕ್ಕಳಷ್ಟೇ ನುಸುಳುವ ಕಿಂಡಿ. ಹಾಗಾಗಿ ವಾಪಸ್ ಹೋಗಿ ಹುಡುಗನಾಗಿ ಬರಬೇಕು. ಹುಡುಗ ಕಿಂಡಿಯಲ್ಲಿ ನುಸುಳಿ ಅರ್ಧ ಗುಡಿಯನ್ನು ನೋಡುತ್ತಾನೆ. ಕೊನೆಗೆ ಸಿಗುವ ಬೆಳ್ಳಿಯ ಕೈಗವಸು ಅವನ ಕೈಗೆ ದೊಡ್ಡದು, ಏಳು ವರ್ಷ ಕಳೆದ ಮೇಲಷ್ಟೇ ಹಾಕಿಕೊಳ್ಳಬಹುದು. ಆಗ ಆ ಕಲ್ಲು ಸರಿಯುತ್ತೆ. ನಡುವಿನ ವಿಗ್ರಹದ ಹಜಾರಕ್ಕೆ ಎರಡೂ ವಯಸ್ಸಿನಲ್ಲಿ ಬರುತ್ತೀರಿ. ಅದೇ ಹಜಾರ, ಅದೇ ವಿಗ್ರಹ. ಚಿಕ್ಕವನಿದ್ದಾಗ ಕತ್ತು ಎತ್ತಿ ನೋಡಿದ್ದನ್ನು ಈಗ ನೇರ ನೋಡುತ್ತೀರಿ.

ನಮ್ಮ ಮನೆ 2014ರಲ್ಲಿ ಪಾಲಾಯಿತು. ಅಜ್ಜ ಹೋದ ಮರುವರ್ಷ. ಜಗಳವೇನೂ ಆಗಲಿಲ್ಲ, ಅದೇ ಆಶ್ಚರ್ಯ. ತೊಟ್ಟಿಯ ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತು. ದೇವರ ಕೋಣೆ ನಮ್ಮ ಕಡೆ, ಬಚ್ಚಲು ಚಿಕ್ಕಪ್ಪನ ಕಡೆ. ನಾವು ಹೊರಗೆ ಹೊಸ ಬಚ್ಚಲು ಕಟ್ಟಿಸಿದೆವು. ಗೋಡೆ ಎದ್ದ ಮೇಲೆ ಮಳೆಯ ಸದ್ದು ಬದಲಾಯಿತು. ರಾತ್ರಿ ಎದ್ದರೆ ಅಪ್ಪ ಈಗ ಮೊಬೈಲ್ ಟಾರ್ಚ್ ಹಚ್ಚುತ್ತಾರೆ.

ಈ ವರ್ಷ ಚಿಕ್ಕಪ್ಪ ತಮ್ಮ ಅರ್ಧ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಲು ಹೊರಟಿದ್ದಾರೆ. ಅದು ಹೋದರೆ ನಮ್ಮ ಅರ್ಧದ ಮಾಡು ನಿಲ್ಲುವುದು ಕಷ್ಟ ಅಂತ ಮೇಸ್ತ್ರಿ ಹೇಳಿದ್ದಾರೆ. "ನಿಮ್ಮ ಭಾಗನೂ ಕೊಡಿ, ಒಟ್ಟಿಗೇ ಮಾಡ್ಬಹುದು" ಅಂತ ಚಿಕ್ಕಪ್ಪ ಕೇಳಿದ್ದಾರೆ. ಅಪ್ಪ ನಮ್ಮಿಬ್ಬರಿಗೂ ಫೋನ್ ಮಾಡಿ, "ನೀವಿಬ್ರೂ ಒಪ್ಪಿದ್ರೆ ಮಾತ್ರ ಸಹಿ, ಇಲ್ಲಾಂದ್ರೆ ಇಲ್ಲ" ಅಂದರು. ಕಾಗದ ನನ್ನ ಮೇಜಿನ ಮೇಲೆ ಹದಿನೈದು ದಿನದಿಂದ ಇದೆ. ಲೆಕ್ಕ ಹಾಕಿದರೆ ಕೊಡುವುದೇ ಸರಿ. ವರ್ಷಕ್ಕೆ ಎರಡು ಸಲ ಹೋಗುವ ನಾವು, ಪ್ರತಿ ಮಳೆಗಾಲ ಹಂಚು ತಿರುವಿಹಾಕಿಸುವ ಅಪ್ಪ. ಅವರಿಗೂ ವಯಸ್ಸಾಯಿತು.

ತಂಗಿ ಈಗ ಪುಣೆಯಲ್ಲಿದ್ದಾಳೆ. ಮೊನ್ನೆ ಶನಿವಾರ ರಾತ್ರಿ ಫೋನಿನಲ್ಲಿ ಅಂದಳು, "ಸಹಿ ಹಾಕೋದು ಆಮೇಲೆ. ಮೊದ್ಲು ಇಬ್ರೂ ಮನೆ ಮ್ಯಾಪ್ ಬರೆಯೋಣ, ಗೋಡೆ ಏಳೋ ಮುಂಚಿಂದು." ಬರೆದು, ಫೋಟೋ ತೆಗೆದು ಕಳಿಸಿಕೊಂಡೆವು. ಒಂದು ಬಾಗಿಲೂ ಆಚೀಚೆ ಆಗಿಲ್ಲ. ಉಗ್ರಾಣದಿಂದ ಅಟ್ಟಕ್ಕೆ ಹೋಗುವ ಏಣಿ ಸಹಿತ ಇಬ್ಬರದರಲ್ಲೂ ಇದೆ. ಅಳತೆ ಮಾತ್ರ ಬೇರೆ. ನನ್ನ ಚಿತ್ರದಲ್ಲಿ ತೊಟ್ಟಿ ಒಂದು ಸಣ್ಣ ಚೌಕ. ಅವಳದರಲ್ಲಿ ಅದು ಅರ್ಧ ಹಾಳೆ ತುಂಬಿದೆ, ಜಗಲಿ ಉಳಿದ ಅರ್ಧ, ಕೋಣೆಗಳೆಲ್ಲ ಅಂಚಿಗೆ ಒತ್ತಿಕೊಂಡಿವೆ. ಮೂರು ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದಾಳೆ, ನೀಲಿ, ಹಸಿರು, ಕೆಂಪು. ಯಾಕೆ ಅಂತ ಕೇಳಿದ್ದಕ್ಕೆ, "ನೀಲಿ ನಾವಿದ್ದಾಗ ತೆಗೆದಿರ್ತಿದ್ದ ಬಾಗಿಲು, ಹಸಿರು ಗೋಡೆ ಬಂದ್ಮೇಲೆ ಉಳಿದದ್ದು, ಕೆಂಪು ಇನ್ನು ಹೋಗೋದು" ಅಂದಳು.

ಮಾತು ಆಮೇಲೆ ಆಟದ ಕಡೆ ತಿರುಗಿತು. ಫಾರೆಸ್ಟ್ ಟೆಂಪಲ್ ಮೊದಲನೆಯದು ಅಂತ ನಾನು ಇಲ್ಲಿ ಬರೆಯುವವನಿದ್ದೇನೆ ಅಂದೆ. ಅವಳು ಒಪ್ಪಲಿಲ್ಲ, ವಾಟರ್ ಟೆಂಪಲ್ಲೇ ಅಂದಳು. ಕಾರಣ ಕೇಳಿದೆ. "ಬೇರೆ ಎಲ್ಲಾ ಕಡೆ ನಿನ್ನ ಪಕ್ಕ ಕೂತು ನೋಡ್ತಿದ್ದೆ ಅಷ್ಟೆ. ಅಲ್ಲಿ ಮಾತ್ರ ನಾನಿಲ್ದೆ ನಿಂಗೆ ಮುಂದೆ ಹೋಗಕ್ಕೆ ಆಗ್ಲಿಲ್ಲ."